ಟೇಬಲ್ ಕೆಳಗಿನ ಆನೆ

“ಇನ್ನೊಂದ್ಸಲ ಓದು ಪುಟ್ಟಿ. ‘ನನ್ನ ತಾಯಿ ಸಾಕ್ಷಾತ್ ದೇವತೆ’ ಅನ್ನೋ ಕಡೆ ಗಂಟಲು ಸ್ವಲ್ಪ ನಡುಗಬೇಕು,” ಅಂದರು ಕಾರ್ಯದರ್ಶಿ ಆಂಟಿ.

“ದೇವತೆಗಳು ಗೊರಕೆ ಹೊಡೀತಾರಾ ಆಂಟಿ?”

“ಏನು?”

“ನಮ್ಮಮ್ಮ ಹೊಡೀತಿದ್ಲು. ಪಕ್ಕದ್ಮನೆಗೆ ಕೇಳೋ ಹಾಗೆ.”

ಕಾರ್ಯದರ್ಶಿ ಆಂಟಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆಮೇಲೆ ಗುಂಡಿಯ ಕೈಯಲ್ಲಿದ್ದ ಕಾಗದದ ಮೇಲೆ ಬೆರಳಿಟ್ಟು, “ಬರೆದಿರೋದನ್ನ ಓದು ಸಾಕು,” ಅಂದರು.

ಗುಂಡಿ ಅಂದರೆ ರಸ್ತೆಯಲ್ಲಿರುವ ಗುಂಡಿಯಲ್ಲ, ಅಂಗಿಯ ಗುಂಡಿ. ಹುಟ್ಟಿದಾಗ ಮೂಗು ಥೇಟ್ ಅಂಗಿ ಗುಂಡಿಯ ಹಾಗಿತ್ತು ಅಂತ ಅಮ್ಮ ಇಟ್ಟ ಹೆಸರು. ಸ್ಕೂಲಿನಲ್ಲಿ ಮಾತ್ರ ಎಲ್ಲರೂ ರಸ್ತೆಯ ಗುಂಡಿ ಅಂತಲೇ ರೇಗಿಸುತ್ತಿದ್ದರು. ಈಗ ಅವಳಿಗೆ ಹತ್ತು ವರ್ಷ. ಅಮ್ಮ ಜ್ವರ ಬಂದು ತೀರಿಕೊಂಡು ಐದು ತಿಂಗಳಾಗಿತ್ತು.

ಇವತ್ತು ಭಾನುವಾರ. ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ ನಿವಾಸಿಗಳ ಸಂಘದವರು ಇಟ್ಟುಕೊಂಡ ಅಮ್ಮನ ನೆನಪಿನ ಸಭೆ. ಗುಂಡಿ ಕಾಗದದ ಮೇಲೆ ಕಣ್ಣಾಡಿಸಿದಳು. ಎಲ್ಲ ಆಂಟಿಯೇ ಬರೆದದ್ದು. ‘ನನ್ನ ತಾಯಿ ಎಂದೂ ಸಿಟ್ಟಾದವರಲ್ಲ.’ ಹೌದಾ? ನಾನು ಲೆಕ್ಕದ ಪುಸ್ತಕದಲ್ಲಿ ಮೀಸೆ ಬಿಡಿಸಿದ ದಿನ ಇವರು ನಮ್ಮ ಮನೇಲಿ ಇದ್ದಿದ್ದರೆ ಗೊತ್ತಾಗುತ್ತಿತ್ತು. ‘ಅವರ ಕೈಯಲ್ಲಿ ಕಲೆ ಕುಣಿಯುತ್ತಿತ್ತು.’ ಗುಂಡಿಗೆ ನಗು ತಡೆಯಲಾಗಲಿಲ್ಲ. ಮೂಗಿನಿಂದ ಪುಸಕ್ ಅಂತ ಸದ್ದು ಬಂತು.

ಯಾಕೆಂದರೆ ನಿಜವಾದ ವಿಷಯ ಹೀಗಿತ್ತು. ಅಮ್ಮನಿಗೆ ಕೈಕೆಲಸ ಅಂದರೆ ಪ್ರಾಣ. ಆದರೆ ಆ ಕೈಕೆಲಸಕ್ಕೆ ಅಮ್ಮ ಅಂದರೆ ಅಷ್ಟಕ್ಕಷ್ಟೇ.

ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯಲ್ಲಿ ಅಮ್ಮ ಬಿಲ್ ಹಾಕುತ್ತಿದ್ದಳು. ಗಿರಾಕಿ ಇಲ್ಲದಾಗ ಹೆಣಿಗೆ. ಮನೆಗೆ ಬಂದರೆ ಹೊಲಿಗೆ. ರಜೆ ಇದ್ದರೆ ರಟ್ಟು, ಗೋಂದು, ಮಣಿ, ಹಳೇ ಬಟ್ಟೆ. ಮಾಡಿದ್ದೆಲ್ಲ ಸೊಟ್ಟ. ಟೇಬಲ್ ಮೇಲೆ ಹಾಸುವ ಬಟ್ಟೆ ಹೊಲಿದರೆ ಅದಕ್ಕೆ ಐದು ಮೂಲೆ. ಕಾಲುಚೀಲ ಹೆಣೆದರೆ ಹಿಮ್ಮಡಿ ಪಕ್ಕಕ್ಕೆ. ಅಪ್ಪನಿಗೆ ಹೆಣೆದ ಸ್ವೆಟರ್‌ನ ಒಂದು ತೋಳು ಮೊಣಕೈಗೆ, ಇನ್ನೊಂದು ಬೆರಳ ತುದಿ ದಾಟಿ. ಅಪ್ಪ ಲಿಫ್ಟ್ ರಿಪೇರಿ ಮಾಡುವವರು. “ಒಂದು ತೋಳು ನಾಲ್ಕನೇ ಮಹಡೀಲಿ ನಿಂತಿದೆ, ಇನ್ನೊಂದು ಗ್ರೌಂಡ್ ಫ್ಲೋರಿಗೆ ಬಂದುಬಿಟ್ಟಿದೆ,” ಅಂತ ಹೇಳಿಕೊಂಡೇ ಅದನ್ನು ಹಾಕಿಕೊಂಡು ಹೋಗುತ್ತಿದ್ದರು.

ಶನಿವಾರ ಮಧ್ಯಾಹ್ನವಾದರೆ ಅಮ್ಮ ಒಂದು ದೊಡ್ಡ ಚೀಲ ತುಂಬಿಕೊಂಡು ರಸ್ತೆ ದಾಟಿ ಆಸ್ಪತ್ರೆಗೆ ಹೋಗುತ್ತಿದ್ದಳು. ಅಲ್ಲಿ ಕೈ ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುವ ಕೋಣೆಯೊಂದಿತ್ತು. ಅವರಿಗೆ ಹೆಣಿಗೆ ಹೇಳಿಕೊಡಲು ಹೋಗುತ್ತಿದ್ದಳಂತೆ. ಸಂಬಳ ಇಲ್ಲ, ಏನಿಲ್ಲ. ‘ಇವಳೇನು ಹೇಳಿಕೊಡ್ತಾಳೋ, ಪಾಪ ಅವರೇನು ಕಲೀತಾರೋ’ ಅಂದುಕೊಳ್ಳುತ್ತಿದ್ದಳು ಗುಂಡಿ.

ಒಮ್ಮೆ ಆ ಕೋಣೆಗೆ ಸುಣ್ಣ ಬಳಿಯುತ್ತಿದ್ದಾಗ, ನಾಲ್ಕು ಶನಿವಾರ ಈ ಹಾಲ್ ಕೊಡಿ ಅಂತ ಅಮ್ಮ ಸಂಘದ ಅಧ್ಯಕ್ಷರನ್ನು ಕೇಳಿದ್ದಳು. “ರೋಗಿಗಳನ್ನೆಲ್ಲ ಕರ್ಕೊಂಡು ಬಂದ್ರೆ ಟೈಲ್ಸ್ ಹಾಳಾಗುತ್ತಮ್ಮ,” ಅಂದಿದ್ದರು ಅವರು. ಆ ಸಂಜೆ ಅಮ್ಮ ಸಿಟ್ಟಿನಿಂದ ಪಾತ್ರೆ ತೊಳೆದ ಸದ್ದಿಗೆ ಮೇಲಿನ ಮನೆಯವರು ಇಳಿದು ಬಂದಿದ್ದರು.

ಎಂದೂ ಸಿಟ್ಟಾದವರಲ್ಲವಂತೆ!

ಗುಂಡಿ ಕಾಗದ ಮಡಚಿಕೊಂಡು ವೇದಿಕೆಯ ಪಕ್ಕದ ಉದ್ದನೆ ಟೇಬಲ್ ಕಡೆ ಹೋದಳು. ಅಲ್ಲಿ ದೊಡ್ಡಕ್ಷರದಲ್ಲಿ ‘ಅವರ ಕೈಚಳಕ’ ಅಂತ ಬರೆದಿತ್ತು. ಮೊನ್ನೆ ಅಪ್ಪ, ಅಮ್ಮ ಮಾಡಿದ್ದನ್ನೆಲ್ಲ ಒಂದು ರಟ್ಟಿನ ಡಬ್ಬದಲ್ಲಿ ತುಂಬಿ ಕೊಟ್ಟಿದ್ದರು.

ಆದರೆ ಟೇಬಲ್ ಮೇಲೆ ಇದ್ದದ್ದೇ ಬೇರೆ. ಬಿಳಿ ಮಣಿಗಳ ಹಂಸ, ಕತ್ತು ಎಷ್ಟು ನಾಜೂಕು! ಗುಲಾಬಿ ಬಣ್ಣದ ಮಗುವಿನ ಟೋಪಿ, ಒಂದು ಎಳೆ ಆಚೀಚೆ ಇಲ್ಲ. ಕಸೂತಿಯ ಹೂಗಳಂತೂ ಅಚ್ಚು ಹಾಕಿದ ಹಾಗೆ.

ಗುಂಡಿ ಹಂಸವನ್ನು ಎತ್ತಿ ತಿರುಗಿಸಿ ನೋಡಿದಳು. ಅಡಿಯಲ್ಲಿ ಅಂಗಡಿಯ ಸ್ಟಿಕ್ಕರ್. ಯಾರೋ ಉಗುರಿನಿಂದ ಕೆರೆದಿದ್ದರು. ಅರ್ಧ ಮಾತ್ರ ಹೋಗಿತ್ತು.

ಬಗ್ಗಿ ಟೇಬಲ್ಲಿನ ಬಟ್ಟೆ ಎತ್ತಿದಳು. ಅಪ್ಪ ಕೊಟ್ಟ ಡಬ್ಬ ಕೆಳಗೆ ಕೂತಿತ್ತು. ಮೇಲಿಂದಲೇ ಬೂದು ಬಣ್ಣದ ಬಟ್ಟೆಯ ಆನೆ ಇವಳನ್ನು ನೋಡುತ್ತಿತ್ತು. ಮನೆಗೆ ಬಂದವರೆಲ್ಲ “ಹಂದಿ ಚೆನ್ನಾಗಿದೆ” ಅನ್ನುತ್ತಿದ್ದ ಆನೆ.

“ಆಂಟೀ! ಇದು ಅಮ್ಮ ಮಾಡಿದ್ದಲ್ಲ!”

“ಶ್! ಮೆಲ್ಲಗೆ.” ಆಂಟಿ ಓಡಿಬಂದರು. “ಪೇಪರ್‌ನವರು ಫೋಟೋ ತೆಗೀತಾರೆ ಪುಟ್ಟಿ. ದೊಡ್ಡ ಆಫೀಸರ್ ಒಬ್ರು ಬರ್ತಿದ್ದಾರೆ. ನಿಮ್ಮಮ್ಮನ ಮರ್ಯಾದೆ ಉಳೀಲಿ ಅಂತಾನೇ ನಾನು ಓಡಾಡಿ ತಂದಿದ್ದು.”

“ಮಾಡದೇ ಇರೋದನ್ನ ಇಟ್ರೆ ಮರ್ಯಾದೆ ಉಳಿಯುತ್ತಾ?”

“ನೀನೇ ಹೇಳು, ಆ ಹಂದೀನ—”

“ಆನೆ.”

“ಸರಿ, ಆನೇನ. ಅದನ್ನ ನಿನ್ನ ಸ್ಕೂಲಿಗೆ ತಗೊಂಡು ಹೋಗಿ ಎಲ್ಲರ ಮುಂದೆ ಇಡ್ತೀಯಾ?”

ಗುಂಡಿ ಕೈಯಲ್ಲಿದ್ದ ಹಂಸದ ಕಡೆ ನೋಡಿದಳು.

ಕಳೆದ ವರ್ಷ ಸ್ಕೂಲಿನಲ್ಲಿ ಕೈಕೆಲಸದ ಪ್ರದರ್ಶನ ಇತ್ತು. ಮನೆಯವರು ಮಾಡಿದ ವಸ್ತು ತನ್ನಿ ಅಂದಿದ್ದರು. ಅಮ್ಮ ಎರಡು ವಾರ ಕೂತು ರಟ್ಟಿನ ಪೆನ್ ಸ್ಟ್ಯಾಂಡ್ ಮಾಡಿಕೊಟ್ಟಳು. ಪೆನ್ ಇಟ್ಟರೆ ಸಾಕು, ನಮಸ್ಕಾರ ಮಾಡುವ ಹಾಗೆ ಮುಂದಕ್ಕೆ ಬೀಳುತ್ತಿತ್ತು. ಗುಂಡಿ ಅದನ್ನು ಬ್ಯಾಗಿನ ತಳಕ್ಕೆ ತಳ್ಳಿ, ಚಿಕ್ಕಮ್ಮ ಅಂಗಡಿಯಿಂದ ತಂದುಕೊಟ್ಟಿದ್ದ ಮರದ ಸ್ಟ್ಯಾಂಡನ್ನು ಟೇಬಲ್ ಮೇಲೆ ಇಟ್ಟಿದ್ದಳು.

ಮಧ್ಯಾಹ್ನ ಅಮ್ಮ ಬಂದಳು. ಮಿಸ್ ಕೈಹಿಡಿದು, “ಎಷ್ಟು ಚೆನ್ನಾಗಿ ಮಾಡಿದ್ದೀರಿ ಮೇಡಂ!” ಅಂದರು. ಅಮ್ಮ ಆ ಸ್ಟ್ಯಾಂಡ್ ನೋಡಿದಳು. ಗುಂಡಿಯನ್ನು ನೋಡಿದಳು. “ಇದು ಅಂಗಡೀದು ಮಿಸ್. ನಂದು ಇವಳ ಬ್ಯಾಗಲ್ಲಿದೆ. ನೋಡ್ತೀರಾ?” ಅಂತ ನಕ್ಕುಬಿಟ್ಟಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಗುಂಡಿ ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟಿದ್ದಳು.

“ಯಾಕೆ, ಸುಮ್ಮನಾದೆ?” ಅಂದರು ಆಂಟಿ. “ನೋಡಿದ್ಯಾ? ಅದಕ್ಕೇ ಹೇಳಿದ್ದು.” ಹಂಸವನ್ನು ಅವಳ ಕೈಯಿಂದ ತೆಗೆದುಕೊಂಡು, ಸ್ಟಿಕ್ಕರ್ ಕಾಣದ ಹಾಗೆ ಇಟ್ಟು ಹೋದರು.

ಅಪ್ಪ ಮೂಲೆಯಲ್ಲಿ ಮೈಕಿನ ವೈರ್ ಸರಿಮಾಡುತ್ತ ಕೂತಿದ್ದರು. ಗುಂಡಿ ಹೋಗಿ ಎಲ್ಲ ಹೇಳಿದಳು. ಅಪ್ಪ ಟೇಬಲ್ ಕಡೆ ಒಮ್ಮೆ ನೋಡಿ, “ಬಿಡು ಗುಂಡಿ. ಒಂದು ಗಂಟೆ ಅಷ್ಟೇ. ಮುಗಿದುಹೋಗುತ್ತೆ,” ಅಂದರು. ನಮ್ಮ ಮನೆಯಲ್ಲಿ ಜಗಳಕ್ಕೆ ಅಂತ ಇದ್ದವಳು ಅಮ್ಮ ಒಬ್ಬಳೇ ಅಂತ ಗುಂಡಿಗೆ ಆಗ ಹೊಳೆಯಿತು. ಅಪ್ಪನ ಮೇಲೂ ಸಿಟ್ಟು ಬಂತು.

ಸಭೆ ಶುರುವಾಯಿತು. ಅಧ್ಯಕ್ಷರಿಗೆ ಮೈಕ್ ಅಂದರೆ ಮಕ್ಕಳಿಗೆ ಐಸ್‌ಕ್ರೀಮ್ ಇದ್ದ ಹಾಗೆ. ಸಿಕ್ಕರೆ ಕಡ್ಡಿಯವರೆಗೂ ಬಿಡುವವರಲ್ಲ. ಇಪ್ಪತ್ತು ನಿಮಿಷ ಮಾತಾಡಿದರು. ಅದರಲ್ಲಿ ಹನ್ನೆರಡು ನಿಮಿಷ ತಾವು ಹಾಕಿಸಿದ ನೀರಿನ ಟ್ಯಾಂಕಿನ ಬಗ್ಗೆ.

“ಆ ತಾಯಿಯ ಸೇವೆಗೆ ಈ ಹಾಲ್‌ನ ಬಾಗಿಲು ಸದಾ ತೆರೆದಿತ್ತು!” ಅಂದರು ಕೊನೆಗೆ, ಎರಡೂ ಕೈ ಅಗಲಿಸಿ.

‘ಟೈಲ್ಸ್ ಕೇಳಿ ನೋಡಿ,’ ಅಂದುಕೊಂಡಳು ಗುಂಡಿ.

ಆಗಲೇ ಹಿಂದಿನ ಬಾಗಿಲು ಕಿರ್ ಅಂತು. ಐದಾರು ಜನ ಒಳಗೆ ಬಂದರು. ಒಬ್ಬ ಅಜ್ಜಿಯ ಕೈ ಎದೆಗೆ ಅಂಟಿಕೊಂಡ ಹಾಗೆ ಮಡಚಿತ್ತು. ಎಲ್ಲರಿಗಿಂತ ಮುಂದೆ ಕೋಲು ಊರಿಕೊಂಡು ಬಂದ ದಪ್ಪ ಮನುಷ್ಯನ ಕಾಲು ಎಳೆಯುತ್ತಿತ್ತು. ಅಧ್ಯಕ್ಷರು ಮೈಕಿನಲ್ಲೇ, “ಇದು ಪ್ರೈವೇಟ್ ಕಾರ್ಯಕ್ರಮ ರೀ,” ಅಂದರು. ಆ ಮನುಷ್ಯ ತಲೆಯಾಡಿಸಿ, ಹಿಂದಿನ ಸಾಲಿನಲ್ಲಿ ಆರಾಮಾಗಿ ಕೂತುಬಿಟ್ಟ.

‘ಬಿಸ್ಕತ್ತಿಗೆ ಬಂದಿರ್ತಾರೆ,’ ಅಂದುಕೊಂಡಳು ಗುಂಡಿ. ಇವತ್ತು ಅವಳಿಗೆ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ.

“ಈಗ ಅವರ ಮುದ್ದಿನ ಮಗಳ ಮಾತು,” ಅಂದರು ಕಾರ್ಯದರ್ಶಿ ಆಂಟಿ.

ಗುಂಡಿ ಎದ್ದು ಹೋದಳು. ಮೈಕ್ ಎತ್ತರವಾಗಿತ್ತು. ಅಪ್ಪ ಬಂದು ತಗ್ಗಿಸಿಕೊಟ್ಟರು. ಮುಂದಿನ ಸಾಲಿನಲ್ಲಿ ದೊಡ್ಡ ಆಫೀಸರ್ ಕಾಲ ಮೇಲೆ ಕಾಲು ಹಾಕಿ ಮೊಬೈಲ್ ಉಜ್ಜುತ್ತಿದ್ದರು.

“ನನ್ನ ತಾಯಿ ಸಾಕ್ಷಾತ್...”

ಅಲ್ಲಿಗೆ ನಿಂತಿತು. ಗುಂಡಿ ಕಾಗದ ಮಡಚಿದಳು. ಇನ್ನೊಂದು ಮಡಿಕೆ ಮಡಚಿದಳು.

“ಆ ಟೇಬಲ್ ಮೇಲಿರೋದೆಲ್ಲ ಅಂಗಡೀದು,” ಅಂದಳು. ಮೈಕಿನಲ್ಲಿ ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. “ಅಮ್ಮ ಮಾಡಿದ್ದು ಟೇಬಲ್ ಕೆಳಗಿದೆ. ಅಮ್ಮನಿಗೆ ನೇರವಾಗಿ ಹೊಲಿಯಕ್ಕೆ ಬರ್ತಿರಲಿಲ್ಲ. ಅವಳು ಮಾಡಿದ್ದೆಲ್ಲ ಸೊಟ್ಟ. ಆದ್ರೆ ಅವಳು ಯಾವತ್ತೂ ಅದನ್ನ ಬಚ್ಚಿಡ್ತಿರಲಿಲ್ಲ.” ಟೇಬಲ್ ಕೆಳಗೆ ನೋಡುತ್ತ ಹೇಳಿದಳು, “ನಾನು ಬಚ್ಚಿಡ್ತಿದ್ದೆ.”

ಕಾರ್ಯದರ್ಶಿ ಆಂಟಿಯ ಮುಖ ಟೊಮೆಟೊ ಆಯಿತು. ಆಫೀಸರ್ ಮೊಬೈಲ್‌ನಿಂದ ತಲೆ ಎತ್ತಿದರು. ಅಧ್ಯಕ್ಷರು ಮೈಕ್ ಕಿತ್ತುಕೊಂಡು, “ಮಗು ದುಃಖದಲ್ಲಿ ಏನೋ ಹೇಳ್ತಿದೆ. ಚಪ್ಪಾಳೆ, ಚಪ್ಪಾಳೆ,” ಅಂದರು. ಚಪ್ಪಾಳೆ ತಟ್ಟಬೇಕೋ ಬೇಡವೋ ಅಂತ ಜನ ಒಬ್ಬರ ಮುಖ ಒಬ್ಬರು ನೋಡಿದರು.

ಟಕ್, ಟಕ್ ಅಂತ ಕೋಲಿನ ಸದ್ದು ಬಂತು. ಹಿಂದಿನ ಸಾಲಿನ ದಪ್ಪ ಮನುಷ್ಯ ನಡೆದು ಬರುತ್ತಿದ್ದ. ನಿಧಾನವಾಗಿ, ಯಾರ ಗೊಡವೆಯೂ ಇಲ್ಲದವನ ಹಾಗೆ. ಟೇಬಲ್ ಹತ್ತಿರ ಬಂದು, ಬಟ್ಟೆ ಸರಿಸಿ, ಒಂದೇ ಕೈಯಲ್ಲಿ ಡಬ್ಬ ಎಳೆಯತೊಡಗಿದ. ಅದು ಅಲುಗಾಡಲಿಲ್ಲ.

ಅಪ್ಪ ಮೈಕಿನ ವೈರ್ ಬಿಟ್ಟು ಎದ್ದರು. ಸೀದಾ ಹೋಗಿ ಡಬ್ಬ ಎತ್ತಿ, ಹಂಸವನ್ನು ಪಕ್ಕಕ್ಕೆ ತಳ್ಳಿ, ಟೇಬಲ್ಲಿನ ಮಧ್ಯಕ್ಕೆ ಧಡ್ ಅಂತ ಇಟ್ಟರು. ಕಾರ್ಯದರ್ಶಿ ಆಂಟಿ “ಅಯ್ಯೋ” ಅಂದರು. ಅಪ್ಪ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಆ ಮನುಷ್ಯ ಡಬ್ಬದೊಳಗೆ ಕೈ ಹಾಕಿದ. ಆನೆ ಸಿಕ್ಕಿತು. ಅದನ್ನು ನೋಡಿ ಹೊಟ್ಟೆ ಕುಣಿಯುವ ಹಾಗೆ ನಕ್ಕ.

“ಇದೇ ನೋಡಿ! ಇದೇ ಹಂದಿ!”

“ಅದು ಆನೆ,” ಅಂದಳು ಗುಂಡಿ, ಸಿಟ್ಟಿನಿಂದ.

“ಗೊತ್ತಮ್ಮ. ನಿಮ್ಮಮ್ಮನೂ ಇಷ್ಟೇ ಸಿಟ್ಟಲ್ಲಿ ಹೇಳಿದ್ರು.” ಅವನು ಜನರ ಕಡೆ ತಿರುಗಿದ. ಮೈಕ್ ಕೇಳಲಿಲ್ಲ. ಅವನ ಗಂಟಲಿಗೆ ಅದು ಬೇಕಿರಲೂ ಇಲ್ಲ. “ನಂದು ಕಟಿಂಗ್ ಶಾಪು. ಎರಡು ವರ್ಷದ ಹಿಂದೆ ಲಕ್ವ ಹೊಡೀತು. ಬಲಗೈ ಹೋಯ್ತು. ಕತ್ತರಿ ಹಿಡಿಯೋ ಕೈ. ಆಸ್ಪತ್ರೇಲಿ ಹೆಣಿಗೆ ಕಡ್ಡಿ ಕೊಟ್ಟು ಹಿಡ್ಕೋ ಅಂದ್ರು. ಮೊದಲು ಒಬ್ಬರು ಟೀಚರ್ ಬರ್ತಿದ್ರು. ಏನು ಕೈ ರೀ ಅವರದ್ದು, ಮಷಿನ್ನು! ಅವರು ಮಾಡಿದ್ದು ನೋಡ್ತಿದ್ರೆ ನನಗೆ ಅಳು ಬರ್ತಿತ್ತು. ಕಡ್ಡೀನ ಗೋಡೆಗೆ ಎಸೆದು ಎದ್ದು ಹೋಗ್ತಿದ್ದೆ.”

ಹಿಂದಿನ ಸಾಲಿನ ಅಜ್ಜಿ, “ನನಗೆ ಬಡೀತು ಒಂದ್ಸಲ,” ಅಂದಳು. ಎಲ್ಲರೂ ನಕ್ಕರು.

“ಆಮೇಲೆ ಈ ಅಕ್ಕ ಬಂದ್ರು. ನಮಗೆ ಏನೂ ಹೇಳಲಿಲ್ಲ. ತಮ್ಮ ಪಾಡಿಗೆ ಕೂತು ಇದನ್ನ ಹೊಲಿಯೋಕೆ ಶುರು ಮಾಡಿದ್ರು. ನಾನು ನೋಡೇ ನೋಡಿದೆ. ಅಕ್ಕ, ಹಂದೀನಾ? ಅಂದೆ. ಆನೆ, ಅಂದ್ರು. ಮೂರು ತಿಂಗಳಲ್ಲಿ ಮೊದಲನೇ ಸಲ ನಕ್ಕಿದ್ದು ನಾನು. ಎರಡೂ ಕೈ ನೆಟ್ಟಗಿರೋರೇ ಹಿಂಗೆ ಮಾಡ್ತಾರೆ ಅಂದ್ಮೇಲೆ ನನಗೇನಪ್ಪ ನಾಚಿಕೆ ಅನ್ನಿಸ್ತು. ಕಡ್ಡಿ ತಗೊಂಡೆ.”

ಅವನು ಬಲಗೈ ಎತ್ತಿ ಬೆರಳುಗಳನ್ನು ಒಂದೊಂದಾಗಿ ಮಡಚಿ ತೋರಿಸಿದ. ಕಿರುಬೆರಳು ಮಾತ್ರ ಮಡಚಲಿಲ್ಲ. “ಈಗ ಎಡಗೈಲಿ ಕತ್ತರಿ, ಬಲಗೈಲಿ ಬಾಚಣಿಗೆ. ಅಂಗಡಿ ಬಾಗಿಲು ತೆಗೆದಿದ್ದೀನಿ.”

ಆಮೇಲೆ ಯಾರು ಯಾವಾಗ ಎದ್ದರೋ ಗೊತ್ತಿಲ್ಲ. ಟೇಬಲ್ ಸುತ್ತ ಜನವೋ ಜನ. ಐದು ಮೂಲೆಯ ಬಟ್ಟೆ ಬಿಡಿಸಿ, ಕಾಲುಚೀಲ ಕೈಗೆ ಹಾಕಿಕೊಂಡು, “ನಮ್ಮನೇಲೂ ಒಂದಿದೆ,” “ನನಗೂ ಕೊಟ್ಟಿದ್ರು, ಟೋಪಿನೋ ಚೀಲಾನೋ ಇವತ್ತಿಗೂ ಗೊತ್ತಾಗಿಲ್ಲ,” ಅಂತ ನಗುತ್ತಿದ್ದರು. ಐದು ತಿಂಗಳಿಂದ ಎಲ್ಲರೂ ತನ್ನ ಮುಂದೆ ಅಮ್ಮನ ಹೆಸರನ್ನು ಪಿಸುಗುಡುತ್ತಲೇ ಇದ್ದರು. ಇವತ್ತು ಅಮ್ಮ ನಿಜವಾಗಿಯೂ ಬಂದು ಹೋದ ಹಾಗಾಯಿತು ಗುಂಡಿಗೆ. ಅಧ್ಯಕ್ಷರು ಮಾತ್ರ ಆಫೀಸರ ಜೊತೆ ನಿಂತು, ಹಂಸ ಹಿಡಿದುಕೊಂಡೇ ಫೋಟೋ ತೆಗೆಸಿಕೊಂಡರು.

ಗುಂಡಿ ಕಟಿಂಗ್ ಶಾಪ್ ಮಾಮನಿಗೆ ಟೀ ತಂದುಕೊಟ್ಟಳು. ಬಿಸ್ಕತ್ತನ್ನೂ ಕೊಟ್ಟಳು, ಸ್ವಲ್ಪ ನಾಚಿಕೆಯಿಂದ.

“ಮಾಮ, ಅಮ್ಮ ಬೇಕಂತಲೇ ಸೊಟ್ಟ ಮಾಡ್ತಿದ್ಲಾ? ನಿಮಗೆ ನಾಚಿಕೆ ಆಗದೇ ಇರಲಿ ಅಂತ?”

“ನಾನೂ ಕೇಳಿದ್ದೆ. ‘ಬೇಕಂತ ಮಾಡಿದ್ರೆ ಇಷ್ಟು ಸೊಟ್ಟ ಬರುತ್ತೇನಯ್ಯ?’ ಅಂದ್ರು.”

ಗುಂಡಿ ಜೋರಾಗಿ ನಕ್ಕಳು.

“ಈಗ ಶನಿವಾರ ಯಾರು ಬರ್ತಾರೆ?”

“ಯಾರೂ ಇಲ್ಲ. ನಾವೇ ಹೋಗಿ ಕೂತ್ಕೋತೀವಿ.”

“ನನಗೆ ಹೆಣಿಗೆ ಸರಿಯಾಗಿ ಬರಲ್ಲ,” ಅಂದಳು ಗುಂಡಿ, ಅವನು ಕೇಳದೇ ಇದ್ದರೂ.

ಮುಂದಿನ ಶನಿವಾರ ಅಪ್ಪ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಿಟಕಿಯ ಪಕ್ಕ ಏಳು ಕುರ್ಚಿ. ಗೋಡೆಯಲ್ಲಿ ರಾಟೆ, ಹಗ್ಗ. ಬಕೆಟ್ ತುಂಬ ರಬ್ಬರ್ ಚೆಂಡು. ಗುಂಡಿ ಒಂದು ಕುರ್ಚಿಯಲ್ಲಿ ಕೂತು, ನೀಲಿ ಉಲ್ಲನ್ ತೆಗೆದು, ಅಮ್ಮ ಹೇಳಿಕೊಟ್ಟಷ್ಟನ್ನು ನೆನಪು ಮಾಡಿಕೊಳ್ಳುತ್ತ ಮಫ್ಲರ್ ಹೆಣೆಯತೊಡಗಿದಳು.

ಅವತ್ತು ಒಬ್ಬರು ಹೊಸಬರು ಬಂದಿದ್ದರು. ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುತ್ತಿದ್ದ ಹೆಂಗಸಂತೆ. ಹಿಟ್ಟು ಕಲಸುವ ಮಷಿನ್ನಿಗೆ ಕೈ ಸಿಕ್ಕಿತ್ತು. ಆ ಕೈಯನ್ನು ಟವೆಲ್ಲಿನೊಳಗೆ ಸುತ್ತಿಕೊಂಡು, ಗೋಡೆ ಕಡೆ ಮುಖ ಮಾಡಿ ಕೂತಿದ್ದರು.

ಅರ್ಧ ಗಂಟೆಯಾದ ಮೇಲೆ ಅವರು ತಲೆ ತಿರುಗಿಸಿ, ಗುಂಡಿಯ ಮಡಿಲಲ್ಲಿದ್ದದ್ದನ್ನು ನೋಡಿದರು.

“ಏನಿದು? ಇಲಿ ಕಚ್ಚಿದ ಮ್ಯಾಟಾ?”

“ಮಫ್ಲರ್,” ಅಂದಳು ಗುಂಡಿ.

ಆ ಹೆಂಗಸು ನಕ್ಕರು. ಒಳ್ಳೆಯ ನಗುವಲ್ಲ ಅದು. ತುಟಿ ಕೊಂಕಿಸಿ ನಕ್ಕ ನಗು. ಗುಂಡಿಯ ಕಿವಿ ಬಿಸಿಯಾಯಿತು. ‘ನೀವು ಮಾಡಿ ನೋಡೋಣ’ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಮಫ್ಲರನ್ನು ಚೀಲದೊಳಗೆ ತುರುಕಿ ಎದ್ದುಬಿಡಬೇಕು ಅನ್ನಿಸಿತು. ಅಮ್ಮ ಇಲ್ಲಿ ಕೂತು ಇಂಥ ನಗು ಕೇಳಿದ್ದು, ಒಂದು ಶನಿವಾರವಲ್ಲ, ಎರಡು ಶನಿವಾರವಲ್ಲ...

ಅಷ್ಟರಲ್ಲಿ ಟವೆಲ್ಲು ಅಲುಗಿತು. ಅದರೊಳಗಿಂದ ಒಂದು ಕೈ ಹೊರಬಂತು. ಕೆಂಪಗೆ, ಹೊಲಿಗೆ ಹಾಕಿದ, ಸೊಟ್ಟ ಬೆರಳಿನ ಕೈ. ಆ ಬೆರಳು ಮಫ್ಲರಿನ ಕಡೆ ಚಾಚಿತು.

“ಅಲ್ಲಿ ಒಂದು ಕುಣಿಕೆ ಬಿಟ್ಟಿದ್ದೀಯ. ಕಣ್ಣು ಕಾಣಲ್ವಾ?”

ಗುಂಡಿ ಮಫ್ಲರನ್ನು ಒಳಗೆ ತುರುಕಲಿಲ್ಲ. ಕುರ್ಚಿಯನ್ನು ಒಂದಿಷ್ಟು ಹತ್ತಿರಕ್ಕೆ ಎಳೆದುಕೊಂಡು, ಅದನ್ನು ಆ ಹೆಂಗಸಿನ ಮಡಿಲ ಮೇಲೆ ಹರಡಿದಳು.

“ಎಲ್ಲಿ ಆಂಟಿ? ತೋರಿಸಿ.”